‘ಯೆಸ್ ಮಿಸ್’ ಅಂದವರಿಗೆ ಅರ್ಥವಾಗಿದ್ದೇನು?

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು ಅಂದ್ರೆ ಅದು ನನ್ನ ತಂಗಿಯದ್ದೇ. ಜೂನ್‌ನಿಂದ ಇದೇ ಕಥೆ. ಅವಳು ಬಿ.ಎಡ್. ಎರಡನೇ ವರ್ಷದಲ್ಲಿದ್ದಾಳೆ, ಇಂಗ್ಲಿಷ್ ಅವಳ ವಿಷಯ. ಈ ಎರಡು ವರ್ಷದ ಕೋರ್ಸಿನಲ್ಲಿ ಒಟ್ಟು 20 ವಾರ ನಿಜವಾದ ಶಾಲೆಯಲ್ಲಿ ಕಳೆಯಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ಅವಳಿಗೆ ಸಿಕ್ಕಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ.

ಮೊದಲ ದಿನದ ಫೋನ್ ಶುರುವಾಗಿದ್ದೇ ಹೀಗೆ: “ಅಣ್ಣ, ನನ್ ಕೈಲಿ ಆಗಲ್ಲ ಕಣೋ. ಬಿಟ್ಬಿಡ್ತೀನಿ.”

ಏನಾಯ್ತು ಅಂತ ಕೇಳಿದೆ. ಹುಡುಗರು ಗಲಾಟೆ ಮಾಡಿದ್ರಾ? ಇಲ್ಲ. ಹೆಡ್‌ಮಾಸ್ಟರ್ ಬೈದ್ರಾ? ಇಲ್ಲ. ಮತ್ತೆ?

“ಎಲ್ಲದಕ್ಕೂ ‘ಯೆಸ್ ಮಿಸ್’ ಅಂತಾರೆ.”

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ನಲವತ್ತು ನಿಮಿಷ ಪಾಠ ಮಾಡಿ “ಡಿಡ್ ಯೂ ಅಂಡರ್‌ಸ್ಟ್ಯಾಂಡ್?” ಅಂದಳಂತೆ. ಇಡೀ ಕ್ಲಾಸು ಒಂದೇ ರಾಗದಲ್ಲಿ “ಯೆಸ್ ಮಿಸ್”. “ವಾಟ್ ಡಿಡ್ ಯೂ ಅಂಡರ್‌ಸ್ಟ್ಯಾಂಡ್?” ಅಂದಳು. ಅದೇ ರಾಗದಲ್ಲಿ ಮತ್ತೆ “ಯೆಸ್ ಮಿಸ್”.

ಕಾಲೇಜಿನಲ್ಲಿ ಅವರಿಗೆ ಮೈಕ್ರೋ ಟೀಚಿಂಗ್ ಅಂತ ಇರುತ್ತೆ. ಐದಾರು ನಿಮಿಷ, ಒಂದೇ ಒಂದು ಕೌಶಲ: ಪ್ರಶ್ನೆ ಕೇಳೋದು, ಇಲ್ಲ ಬೋರ್ಡ್ ಮೇಲೆ ಬರೆಯೋದು. ಎದುರಿಗೆ ಮಕ್ಕಳ ಹಾಗೆ ಕೂತಿರೋರು ತನ್ನದೇ ಕ್ಲಾಸ್‌ಮೇಟ್‌ಗಳು. ಅವರು ಪಟಪಟ ಅಂತ ಉತ್ತರ ಹೇಳಿಬಿಡ್ತಾರೆ. ಅಲ್ಲಿ ಚೆನ್ನಾಗಿ ಮಾಡಿದ್ದಳು. ನಿಜವಾದ ಮಕ್ಕಳು ಎದುರಿಗಿದ್ದಾಗ ಆ ಐದಾರು ನಿಮಿಷದ ಯಾವ ಕೌಶಲವೂ ಕೈಗೆ ಬರಲಿಲ್ಲ.

ಫೋನಿಟ್ಟ ಮೇಲೆ ನನಗೆ ನಗು ನಿಂತುಹೋಯ್ತು. ಯಾಕಂದ್ರೆ ಆ ‘ಯೆಸ್’ ನನಗೆ ಚೆನ್ನಾಗಿ ಗೊತ್ತು.

ನಾನು ಕನ್ನಡ ಮೀಡಿಯಮ್. ನಮ್ಮ ಕಾಲಕ್ಕೆ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿಗೆ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರದೇಶದ ಕ್ಲೈಂಟ್ ಜೊತೆ ಕಾಲ್ ಇತ್ತು. ಆತ ಮಾತಾಡಿದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ. ಕೊನೆಗೆ “ಈಸ್ ದಟ್ ಕ್ಲಿಯರ್?” ಅಂದ. ನಾನು “ಯೆಸ್” ಅಂದೆ. ನಾಲ್ಕು ದಿನ ಕೂತು ಕೋಡ್ ಬರೆದೆ. ಆತ ಕೇಳಿದ್ದೇ ಬೇರೆ, ನಾನು ಮಾಡಿದ್ದೇ ಬೇರೆ. ಮ್ಯಾನೇಜರ್ ಕೇಳಿದರು, “ಅರ್ಥ ಆಗದಿದ್ರೆ ಕೇಳಬಾರದಿತ್ತಾ?” ಕೇಳಬಹುದಿತ್ತು. ಕೇಳೋದಕ್ಕೂ ಇಂಗ್ಲಿಷ್ ಬೇಕಿತ್ತಲ್ಲ!

‘ಯೆಸ್’ ಅನ್ನೋದು ಉತ್ತರ ಅಲ್ಲ. ಅದು “ದಯವಿಟ್ಟು ನನ್ನನ್ನು ಬಿಟ್ಟು ಮುಂದಕ್ಕೆ ಹೋಗಿ” ಅನ್ನೋ ಅರ್ಜಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಂಗಿಗೆ ಕೊಟ್ಟ ಸಲಹೆ ಏನು ಗೊತ್ತಾ? ಚೆಂದದ ಪಿಪಿಟಿ. ಭಾನುವಾರವಿಡೀ ಕೂತು ಚಿತ್ರ, ಆ್ಯನಿಮೇಷನ್ ಎಲ್ಲ ಹಾಕಿ ಇಪ್ಪತ್ತೆರಡು ಸ್ಲೈಡ್ ಕಳಿಸಿದೆ. ಸೋಮವಾರ ಆ ಊರಲ್ಲಿ ಕರೆಂಟೇ ಇರಲಿಲ್ಲ. ಮಂಗಳವಾರ ಕರೆಂಟ್ ಇತ್ತು, ಎಲ್ಲವನ್ನೂ ತೋರಿಸಿದಳು. “ಹೇಗಿತ್ತು?” ಅಂತ ಕೇಳಿದೆ. “ಮಕ್ಕಳು ಬಾಯಿ ಬಿಟ್ಕೊಂಡು ನೋಡಿದ್ರು. ಆಮೇಲೆ ‘ಯೆಸ್ ಮಿಸ್’ ಅಂದ್ರು.”

ಸಾಮಾನ್ಯವಾಗಿ ಟ್ರೈನಿಗಳಿಗೆ ಎಂಟು, ಒಂಬತ್ತನೇ ಕ್ಲಾಸ್ ಕೊಡ್ತಾರೆ. ಹತ್ತನೇ ಕ್ಲಾಸು ಅಂದ್ರೆ ರಿಸಲ್ಟ್ ಭಯ. ಆದರೆ ಅಲ್ಲಿದ್ದ ಒಬ್ಬರೇ ಇಂಗ್ಲಿಷ್ ಟೀಚರ್ ರಜೆಯಲ್ಲಿದ್ದರು, ಹಾಗಾಗಿ ಇವಳ ಪಾಲಿಗೆ ಹತ್ತನೇ ಕ್ಲಾಸು ಬಂತು. ಮೊದಲ ಪಾಠ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ನೋಡಿದವರಿಗೆ ಸ್ವಾಮಿ ಯಾರು ಅಂತ ಹೇಳಬೇಕಿಲ್ಲ. ಹುಲಿಯ ಜೊತೆ ಹೋರಾಡಿದ ಹಳ್ಳಿ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದುತ್ತಾನೆ, ಧೈರ್ಯದ ಬಗ್ಗೆ ಭಾಷಣ ಮಾಡುತ್ತಾನೆ. ಅಜ್ಜಿಯ ಪಕ್ಕ ಮಲಗುತ್ತಿದ್ದ ಸ್ವಾಮಿಯನ್ನು ಒಬ್ಬನೇ ಆಫೀಸ್ ರೂಮಿನಲ್ಲಿ ಮಲಗಿಸುತ್ತಾನೆ. ಬೆಂಚಿನ ಕೆಳಗೆ ಮುದುರಿಕೊಂಡ ಸ್ವಾಮಿ, ಕತ್ತಲಲ್ಲಿ ಬಂದಿದ್ದನ್ನು ದೆವ್ವ ಅಂದುಕೊಂಡು ಕಾಲು ಕಚ್ಚುತ್ತಾನೆ. ನೋಡಿದರೆ ಕಳ್ಳ! ಸ್ವಾಮಿ ಹೀರೋ ಆಗುತ್ತಾನೆ.

ಎರಡು ದಿನ ಇದನ್ನು ಇಂಗ್ಲಿಷಿನಲ್ಲೇ ವಿವರಿಸಿದಳು. ಕಾಲೇಜಿನ ಲೆಕ್ಚರರ್ ಹೇಳಿದ್ದರಂತೆ, ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬರಬಾರದು ಅಂತ. ಮೂರನೇ ದಿನ ಸಾಕಾಗಿ ಪುಸ್ತಕ ಮುಚ್ಚಿಟ್ಟಳು. “ಕನ್ನಡದಲ್ಲೇ ಹೇಳ್ರಪ್ಪ, ನಿಮಗೆಲ್ಲ ಯಾವುದನ್ನ ಕಂಡ್ರೆ ಭಯ?”

ಕ್ಲಾಸಿಗೆ ಜೀವ ಬಂತು. ಕತ್ತಲೆ, ಹಾವು, ಮ್ಯಾಥ್ಸ್ ಸರ್. ಅಜ್ಜಿ ತೀರಿಹೋದ ರೂಮಿಗೆ ಹೋಗೋಕೆ ಭಯ ಅಂದಳು ಒಬ್ಬ ಹುಡುಗಿ. ಹಿಂದಿನ ಬೆಂಚಿನ ಹುಡುಗನೊಬ್ಬ, ಅಲ್ಲೀವರೆಗೂ ಒಂದು ಮಾತೂ ಆಡದವನು, ಎದ್ದು ನಿಂತ. “ಚಿರತೆ, ಮಿಸ್.”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ತ್ರೀ ಫೇಸ್ ಕರೆಂಟನ್ನು ರಾತ್ರಿ ಪಾಳಿಯಲ್ಲಿ ಕೊಡುವ ವಾರ ಅವರಪ್ಪ ಮೋಟರ್ ಹಾಕೋಕೆ ತೋಟಕ್ಕೆ ಹೋಗ್ತಾರೆ. ಇವನು ಬ್ಯಾಟರಿ ಹಿಡ್ಕೊಂಡು ಜೊತೆಗೆ ಹೋಗ್ತಾನೆ. ಹಿಂದಿನ ವಾರ ಬದುವಿನ ಮೇಲೆ ಹೆಜ್ಜೆ ಗುರುತು ನೋಡಿದ್ದಾನೆ.

“ಅಣ್ಣ, ಪಾಠದ ಒಳಗಿದ್ದ ಆ ಪೇಪರ್ ಸುದ್ದಿಯ ಹುಡುಗ ನನ್ ಕ್ಲಾಸಲ್ಲೇ ಕೂತಿದ್ದ. ನಾನು ಮೂರು ದಿನದಿಂದ ಅವನಿಗೆ ‘ಕರೇಜ್’ ಅಂದ್ರೆ ಏನು ಅಂತ ಇಂಗ್ಲಿಷಲ್ಲಿ ಹೇಳ್ತಿದ್ದೆ” ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಆಮೇಲೆ ಅವಳು ಮಾಡಿದ್ದು ಬಹಳ ಸರಳ. ಬೋರ್ಡ್ ಮೇಲೆ ‘ಐ ಆ್ಯಮ್ ಅಫ್ರೇಡ್ ಆಫ್’ ಅಂತ ಬರೆದು ಮುಂದೆ ಖಾಲಿ ಬಿಟ್ಟಳು. ಅವರವರ ಭಯದ ಪಕ್ಕ ಅದರ ಇಂಗ್ಲಿಷ್ ಪದ ಬರೆದಳು. ಪ್ರತಿಯೊಬ್ಬರೂ ಎದ್ದು ತಮ್ಮ ಭಯವನ್ನು ತಾವೇ ಹೇಳಬೇಕು. ಮಕ್ಕಳು ಹೇಳಿದರು. ಕಥೆಯನ್ನೂ ಹಾಗೇ ಮಾಡಿದಳು: ಮೊದಲು ಕನ್ನಡದಲ್ಲಿ ಹೇಳಿಸೋದು, ಆಮೇಲೆ ಪದಗಳು, ಕೊನೆಗೆ ಒಬ್ಬೊಬ್ಬರಿಂದ ಒಂದೊಂದು ಇಂಗ್ಲಿಷ್ ವಾಕ್ಯ. 2007ರಿಂದ ನಮ್ಮ ರಾಜ್ಯದಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಅಂದ್ರೆ ಈ ಮಕ್ಕಳಿಗೆ ಇದು ಇಂಗ್ಲಿಷಿನ ಹತ್ತನೇ ವರ್ಷ. ಗೈಡ್ ನೋಡಿ ಉತ್ತರ ಬಾಯಿಪಾಠ ಮಾಡಿದ್ದಾರೆ. ಆದರೆ ತಮ್ಮದೇ ಒಂದು ವಿಷಯವನ್ನು ತಾವೇ ಇಂಗ್ಲಿಷಿನಲ್ಲಿ ಹೇಳಿದ್ದು ಎಷ್ಟೋ ಜನಕ್ಕೆ ಅದೇ ಮೊದಲು.

ಇಷ್ಟಾದ ಮೇಲೆ ಎಲ್ಲ ಸರಿಹೋಯ್ತು ಅಂತ ಅಂದ್ಕೋಬೇಡಿ. ಅದೇ ವಾರ ಲೆಕ್ಚರರ್ ಪಾಠ ನೋಡೋಕೆ ಬಂದರು, ಹಿಂದಿನ ಬೆಂಚಲ್ಲಿ ಕೂತು ಬರೆದುಕೊಂಡರು. ಮಾತೃಭಾಷೆಯ ಬಳಕೆ ಜಾಸ್ತಿಯಾಯ್ತು ಅಂತ ಷರಾ ಹಾಕಿ ಅಂಕ ಕಡಿಮೆ ಮಾಡಿದರು. ನನಗೆ ಸಿಟ್ಟು ಬಂತು. ಅವಳಿಗೆ ಅಷ್ಟು ಬರಲಿಲ್ಲ. “ಅವರು ಹೇಳೋದ್ರಲ್ಲೂ ಅರ್ಥ ಇದೆ ಅಣ್ಣ. ಬರೀ ಕನ್ನಡದಲ್ಲೇ ಪಾಠ ಮುಗಿಸೋರೂ ಇದಾರೆ. ಆಗ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳೋದಾದ್ರೂ ಎಲ್ಲಿ? ಎಷ್ಟು ಕನ್ನಡ, ಎಲ್ಲಿ ನಿಲ್ಲಿಸ್ಬೇಕು ಅನ್ನೋದು ನನಗಿನ್ನೂ ಬಂದಿಲ್ಲ.”

ಆಗ ನನಗೆ ಕಥೆಯ ಕೊನೆ ನೆನಪಾಯ್ತು. ಹೀರೋ ಆದ ರಾತ್ರಿ ಸ್ವಾಮಿ ಎಲ್ಲಿ ಮಲಗ್ತಾನೆ? ಮತ್ತೆ ಅಜ್ಜಿಯ ಪಕ್ಕದಲ್ಲೇ. ಅದರಿಂದ ಅವನು ಕಳ್ಳನನ್ನು ಹಿಡಿದದ್ದು ಸುಳ್ಳಾಗಲಿಲ್ಲವಲ್ಲ.

ಮೊನ್ನೆ ಫೋನ್ ಬಂದಾಗ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದಳು. ಸ್ವಾಮಿಗೆ ಯಾಕೆ ಭಯವಾಯ್ತು ಅನ್ನೋ ಪ್ರಶ್ನೆಗೆ ಚಿರತೆ ಹುಡುಗ ಬರೆದಿದ್ದ: “ಸ್ವಾಮಿ ಅಫ್ರೇಡ್ ಡಾರ್ಕ್. ಐ ಆಲ್ಸೋ. ಫಾದರ್ ಗೋ ಮೋಟರ್. ಐ ಹೋಲ್ಡ್ ಬ್ಯಾಟರಿ.”

“ನಾಲ್ಕಕ್ಕೆ ಎಷ್ಟು ಹಾಕ್ಲಿ?” ಅಂದಳು.

“ನಾಲ್ಕೂ ಹಾಕು! ನನಗೆ ಪೂರ್ತಿ ಅರ್ಥ ಆಯ್ತು” ಅಂದೆ.

“ನಿನಗೆ ಆಯ್ತು. ಪಬ್ಲಿಕ್ ಪರೀಕ್ಷೆ ಪೇಪರ್ ನೋಡೋರಿಗೆ ಇವನ ಬ್ಯಾಟರಿ ಕಥೆ ಗೊತ್ತಿರಲ್ಲ ಅಣ್ಣ.”

ಎರಡು ಅಂಕ ಕೊಟ್ಟಳು. ಪ್ರತಿ ವಾಕ್ಯದ ಕೆಳಗೆ ಪೆನ್ಸಿಲ್ಲಲ್ಲಿ ಸರಿಯಾದ ವಾಕ್ಯ ಬರೆದಳು. ಬ್ಯಾಟರಿ ಪಕ್ಕ ‘ಟಾರ್ಚ್’ ಅಂತ ಬರೆದಳು, ಬ್ಯಾಟರಿಯನ್ನು ಮಾತ್ರ ಹೊಡೆದುಹಾಕಲಿಲ್ಲ. ನಾಳೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು ಅಂದಳು.

ಹತ್ತು ವರ್ಷದಲ್ಲಿ ಹತ್ತಿರಹತ್ತಿರ ಐದುನೂರು ಮೀಟಿಂಗ್‌ಗಳಲ್ಲಿ ‘ಯೆಸ್’ ಅಂದಿರೋ ನನಗೆ, ಹಾಗೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸೋರು ಹದಿನೈದನೇ ವಯಸ್ಸಿನಲ್ಲಿ ಸಿಕ್ಕಿದ್ದರೆ ಅಂತ ಅನ್ನಿಸಿತು. ಅದನ್ನು ಅವಳಿಗೆ ಹೇಳಲಿಲ್ಲ. “ಇನ್ನೂ ಎಷ್ಟು ವಾರ ಬಾಕಿ?” ಅಂತ ಕೇಳಿದೆ.

“ಒಂಬತ್ತು” ಅಂದಳು. “ಸಾಲಲ್ಲ ಕಣೋ.”