ವಿಸ್ಡನ್ ಬೇಡವೆನ್ನುವವರಿಗೆ

ಪ್ರತಿ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಕೌಂಟಿ ಪಂದ್ಯಗಳು ಶುರುವಾಗುವ ಹೊತ್ತಿಗೆ, ವಿಸ್ಡನ್ ಎಂಬ ಕ್ರಿಕೆಟ್ ವಾರ್ಷಿಕ ಹೊರಬರುತ್ತದೆ. ಅದರ ಬೆನ್ನಿಗೇ ಅದನ್ನು ಬೇಡವೆನ್ನುವವರ ಮಾತೂ ಕೇಳಿಬರುತ್ತದೆ. 1864ರಿಂದ ಒಂದು ವರ್ಷವೂ ತಪ್ಪಿಲ್ಲ, ಎರಡು ಮಹಾಯುದ್ಧಗಳಲ್ಲೂ ನಿಲ್ಲಲಿಲ್ಲ ಎಂದು ಹೇಳಿ ಅವರ ಬಾಯಿ ಮುಚ್ಚಿಸಲು ಹೋಗುವುದಿಲ್ಲ. ಹಳೆಯದೆಲ್ಲ ಉಳಿಯಬೇಕೆಂದೇನೂ ಇಲ್ಲವಲ್ಲ. ಅವರ ವಾದಗಳನ್ನೇ ನೋಡೋಣ.

ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಸುಮಾರು 1,500 ಪುಟಗಳ ಪುಸ್ತಕ ಯಾಕೆ? ಇದು ಮೊದಲ ವಾದ, ಎಲ್ಲಕ್ಕಿಂತ ಗಟ್ಟಿಯಾದದ್ದೂ ಹೌದು. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ನಮ್ಮ ಚಂದ್ರಶೇಖರ್ 18.1 ಓವರ್‌ಗಳಲ್ಲಿ 38 ರನ್ ಕೊಟ್ಟು 6 ವಿಕೆಟ್ ಕಿತ್ತರು, ಇಂಗ್ಲೆಂಡ್ 101ಕ್ಕೆ ಆಲೌಟಾಯಿತು. ಇಷ್ಟನ್ನು ತಿಳಿಯಲು ಖಂಡಿತ ಪುಸ್ತಕ ಬೇಡ. ಆದರೆ ಮೊಬೈಲು ಕೇಳಿದ್ದನ್ನಷ್ಟೇ ಹೇಳುತ್ತದೆ. 1972ರ ವಿಸ್ಡನ್ ಬಿಡಿಸಿದರೆ ಅದು ಆರಿಸಿದ ವರ್ಷದ ಐವರು ಆಟಗಾರರಲ್ಲಿ ಚಂದ್ರ ಇದ್ದಾರೆ. ಅವರ ಜೊತೆಗೆ ಲ್ಯಾನ್ಸ್ ಗಿಬ್ಸ್, ಜಹೀರ್ ಅಬ್ಬಾಸ್, ಜೆಫ್ ಅರ್ನಾಲ್ಡ್ ಇದ್ದಾರೆ. ಐದನೆಯವರು ಬ್ರಯಾನ್ ಟೇಲರ್, ಎಸೆಕ್ಸ್ ಕೌಂಟಿಯ ನಾಯಕ, ವಿಕೆಟ್ ಕೀಪರ್. ಜೀವಮಾನದಲ್ಲಿ ಒಂದು ಟೆಸ್ಟನ್ನೂ ಆಡಿದವರಲ್ಲ. ಚಂದ್ರರನ್ನು ಹುಡುಕಿಕೊಂಡು ಹೊರಟ ಯಾವ ಕನ್ನಡಿಗನೂ ಬ್ರಯಾನ್ ಟೇಲರ್ ಎಂದು ಟೈಪ್ ಮಾಡುವುದಿಲ್ಲ. ಪುಸ್ತಕದಲ್ಲಿ ಮಾತ್ರ ಆತ ತಾನಾಗಿ ಎದುರಾಗುತ್ತಾನೆ. ಆ ಬೇಸಿಗೆಯಲ್ಲಿ ಕ್ರಿಕೆಟ್ ಆಡಿದವರೆಲ್ಲ ಒಂದೇ ರಟ್ಟಿನೊಳಗೆ ಅಕ್ಕಪಕ್ಕ ಕೂತಿದ್ದಾರೆ. ಚಂದ್ರರ ಆರು ವಿಕೆಟ್ ಎಂಥ ಕಾಲದಲ್ಲಿ, ಎಂಥವರ ನಡುವೆ ಬಂತು ಎಂಬುದು ಆಗ ತಿಳಿಯುತ್ತದೆ. ವಿಸ್ಡನ್ ಬಳಗವೇ 2003ರಲ್ಲಿ ಕ್ರಿಕ್‌ಇನ್ಫೊ ಜಾಲತಾಣವನ್ನು ಕೊಂಡಿತ್ತು, 2007ರಲ್ಲಿ ಮಾರಿತು. ಪುಸ್ತಕ ಮಾತ್ರ ಇವತ್ತಿಗೂ ಬರುತ್ತಿದೆ.

ಇನ್ನು ಕೆಲವರು, ಅಂಕಿಅಂಶ ಯಾರು ಅಚ್ಚು ಹಾಕಿದರೇನು, ಎಲ್ಲ ಕಡೆ ಒಂದೇ ಎನ್ನುತ್ತಾರೆ. ಒಂದೇ ಅಲ್ಲ. ಜ್ಯಾಕ್ ಹಾಬ್ಸ್ ಪ್ರಥಮ ದರ್ಜೆಯಲ್ಲಿ ಹೊಡೆದ ಶತಕಗಳು ವಿಸ್ಡನ್ ಲೆಕ್ಕದಲ್ಲಿ 197, ಬೇರೆಯವರ ಲೆಕ್ಕದಲ್ಲಿ 199. ವಿಜಯನಗರಂ ರಾಜಮನೆತನದ ವಿಜ್ಜಿ 1930–31ರಲ್ಲಿ ಕಟ್ಟಿದ ತಂಡದ ಪರ ಹಾಬ್ಸ್ ಸಿಂಹಳದಲ್ಲಿ ಹೊಡೆದ ಎರಡು ಶತಕಗಳೇ ಈ ತಗಾದೆಯ ಮೂಲ. ಆ ಪಂದ್ಯಗಳು ಪ್ರಥಮ ದರ್ಜೆಯವೆಂದು ಒಂದು ಪಂಗಡ, ಅಲ್ಲವೆಂದು ವಿಸ್ಡನ್. ಡಬ್ಲ್ಯು.ಜಿ. ಗ್ರೇಸ್ ಅವರ ಶತಕಗಳದ್ದೂ ಇದೇ ಕಥೆ: 126 ಎಂದು ವಿಸ್ಡನ್, 124 ಎಂದು ಉಳಿದವರು. ಯಾರು ಸರಿಯೆಂದು ತೀರ್ಪು ಕೊಡುವುದು ಇಲ್ಲಿ ನನ್ನ ಉದ್ದೇಶವಲ್ಲ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಯಾರೋ ಒಬ್ಬರು ತೀರ್ಮಾನಿಸಿ ತಮ್ಮ ಹೆಸರಿನಲ್ಲಿ ಅಚ್ಚು ಹಾಕಬೇಕಾಗುತ್ತದೆ. ಜಾಲತಾಣದ ಅಂಕಿಯನ್ನು ರಾತ್ರೋರಾತ್ರಿ ಬದಲಾಯಿಸಿದರೆ ಯಾರಿಗೂ ಗೊತ್ತಾಗದು. ಅಚ್ಚಾದ ವಿಸ್ಡನ್‌ನಲ್ಲಿ ತಪ್ಪು ಸೇರಿಕೊಂಡರೆ ಮುಂದಿನ ಸಂಪುಟದಲ್ಲಿ ತಿದ್ದೋಲೆ ಹಾಕಬೇಕು, ಹಳೆಯ ತಪ್ಪು ಹಳೆಯ ಪುಟದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿರಬೇಕು. ನನಗೆ ಅದರ ಮೇಲೆ ನಂಬಿಕೆ ಹುಟ್ಟಿರುವುದೇ ಇದರಿಂದ.

ಬರೀ ಒಣ ಅಂಕಿ, ಅದರಲ್ಲಿ ಮನುಷ್ಯರೆಲ್ಲಿ ಎಂದು ಕೇಳುವವರು ಶ್ರದ್ಧಾಂಜಲಿಯ ಪುಟಗಳನ್ನು ಓದಿಲ್ಲ. 1916ರ ಸಂಪುಟವನ್ನೇ ತೆಗೆದುಕೊಳ್ಳಿ. ಗ್ರೇಸ್ ತೀರಿಕೊಂಡ, ವಿಕ್ಟರ್ ಟ್ರಂಪರ್ ತೀರಿಕೊಂಡ ವರ್ಷವನ್ನು ದಾಖಲಿಸುವ ಸಂಪುಟ ಅದು. ಅವರಿಬ್ಬರ ಜೊತೆಗೆ ಯುದ್ಧಕ್ಕೆ ಹೋಗಿ ಸತ್ತ ಹುಡುಗರ ಉದ್ದನೆಯ ಪಟ್ಟಿಯಿದೆ. ಹೆಚ್ಚಿನವರು ಶಾಲೆಯ ತಂಡದಲ್ಲೋ ಊರ ಕ್ಲಬ್ಬಿನಲ್ಲೋ ಆಡಿದವರು. ಅವರ ನಡುವೆ ರೂಪರ್ಟ್ ಬ್ರೂಕ್ ಇದ್ದಾನೆ. ರಗ್ಬಿ ಶಾಲೆಯ ಪರ 1906ರಲ್ಲಿ 19 ವಿಕೆಟ್ ಪಡೆದು ಬೌಲಿಂಗ್ ಸರಾಸರಿಯಲ್ಲಿ ಮೊದಲಿಗನಾಗಿದ್ದ ಎಂಬ ವಿವರ ಮುಂದೆ, ಕವಿಯೆಂದು ಹೆಸರು ಮಾಡಿದ್ದ ಎಂಬ ಮಾತು ಕೊನೆಗೆ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಕೇಳಿರುವ ಕವಿಯನ್ನು ಆ ಪುಟ ಅವನ ವಿಕೆಟ್‌ಗಳಿಂದ ನೆನೆಯುತ್ತದೆ. ಅವನ ಪಕ್ಕದಲ್ಲಿ ಯಾರೂ ಕೇಳದ ಹುಡುಗನಿಗೂ ಅಷ್ಟೇ ನಿಷ್ಠೆಯಿಂದ ನಾಲ್ಕು ಸಾಲು ಕೊಡುತ್ತದೆ. ಇದನ್ನು ಒಣ ಎನ್ನಲು ನನ್ನಿಂದಾಗದು.

ಕಾಲಕ್ಕೆ ತಕ್ಕಂತೆ ಬದಲಾಗದ ಪುಸ್ತಕ ಎಂಬ ದೂರಿನಲ್ಲಿ ಹುರುಳಿಲ್ಲ. ಜಾನ್ ವಿಸ್ಡನ್ ಎಂಬ ಬೌಲರ್ ತಂದ ಮೊದಲ ಸಂಪುಟ 112 ಪುಟಗಳದ್ದು. ಅದರಲ್ಲಿ ಕುದುರೆ ರೇಸಿನ ವಿಜೇತರೂ ಕಾಲುವೆಗಳ ಉದ್ದವೂ ಇದ್ದವು. ಇಂದು ಎಲ್ಲರೂ ಗುರುತು ಹಿಡಿಯುವ, ಎರಿಕ್ ರವಿಲಿಯಸ್ ಕೆತ್ತಿದ ಮುಖಪುಟದ ಟೋಪಿವಾಲರ ಚಿತ್ರ ಬಂದದ್ದೇ 1938ರಲ್ಲಿ. ವರ್ಷದ ಐವರಲ್ಲಿ ಮಹಿಳೆಗೆ ಜಾಗ ಸಿಕ್ಕಲು ಮಾತ್ರ 2009ರವರೆಗೆ ಕಾಯಬೇಕಾಯಿತು. ಆ ವಿಳಂಬಕ್ಕೆ ನಾನು ಸಮರ್ಥನೆ ಹುಡುಕುವುದಿಲ್ಲ. 2023ರಲ್ಲಿ ಹರ್ಮನ್‌ಪ್ರೀತ್ ಕೌರ್ ಆ ಗೌರವ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಕಡೆಯದು, ನಮ್ಮವರು ಹೆಚ್ಚಾಗಿ ಆಡುವ ಮಾತು: ಇದು ಇಂಗ್ಲಿಷರ ಪುಸ್ತಕ, ನಮಗ್ಯಾಕೆ? ಇದರಲ್ಲಿ ಸತ್ಯವಿದೆ. ವರ್ಷದ ಐವರನ್ನು ಆರಿಸುವಾಗ ಇಂಗ್ಲೆಂಡಿನ ಬೇಸಿಗೆಯ ಆಟಕ್ಕೇ ಹೆಚ್ಚು ತೂಕ. 1995ರಲ್ಲಿ ನಾರ್ಥಾಂಪ್ಟನ್‌ಶೈರ್ ಪರ 105 ವಿಕೆಟ್ ಪಡೆದ ಕುಂಬ್ಳೆ 1996ರಲ್ಲಿ ಆಯ್ಕೆಯಾದರು. ಇಂಗ್ಲೆಂಡಿನಲ್ಲಿ ನಡೆದ 1999ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಹೊಡೆದ ದ್ರಾವಿಡ್ 2000ದಲ್ಲಿ ಆಯ್ಕೆಯಾದರು. ಗುಂಡಪ್ಪ ವಿಶ್ವನಾಥ್ ಮತ್ತು ಪ್ರಸನ್ನ ಎಂದೂ ಆಗಲಿಲ್ಲ. ಇದು ನಮ್ಮಂಥವರಿಗೆ ನೋವಿನ ಸಂಗತಿಯೇ. ಆದರೆ ಇದೇ ಪುಸ್ತಕ 1897ರಲ್ಲೇ ರಣಜಿ ಅವರನ್ನು, 1933ರಲ್ಲಿ ಸಿ.ಕೆ. ನಾಯುಡು ಅವರನ್ನು ಆರಿಸಿತ್ತು ಎಂಬುದನ್ನೂ ಹೇಳಬೇಕು.

ಪಕ್ಷಪಾತದ ಪುಸ್ತಕಕ್ಕೆ ಮದ್ದು ಇನ್ನೊಂದು ಪುಸ್ತಕ. ಹಿಂದೂ ಪತ್ರಿಕೆಯ ಬಳಗ ಮದ್ರಾಸಿನಿಂದ ದಶಕಗಳ ಕಾಲ ‘ಇಂಡಿಯನ್ ಕ್ರಿಕೆಟ್’ ಎಂಬ ವಾರ್ಷಿಕ ತಂದಿತು. ಅದು ನಿಂತಿತು. ಸುರೇಶ್ ಮೆನನ್ ಸಂಪಾದಕತ್ವದಲ್ಲಿ ವಿಸ್ಡನ್‌ನ ಭಾರತೀಯ ಆವೃತ್ತಿಯೂ ಕೆಲವು ವರ್ಷ ಬಂತು. ಇನ್ನು ನಮ್ಮ ನಾಡಿನದ್ದನ್ನೇ ನೋಡಿ: 1973–74ರಲ್ಲಿ ಕರ್ನಾಟಕ, ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲ್‌ನಲ್ಲಿ ಹೊರಹಾಕಿ, ಮೊದಲ ಸಲ ಆ ಕಪ್ ಎತ್ತಿತು. ಆ ಋತುವಿನ ಪ್ರತಿ ಪಂದ್ಯದ ಸ್ಕೋರು, ಅಂಪೈರರ ಹೆಸರು, ಆ ವರ್ಷ ಅಗಲಿದ ಕ್ಲಬ್ ಆಟಗಾರರ ನೆನಪು, ಇಷ್ಟೂ ಕನ್ನಡದಲ್ಲಿ ಒಂದೇ ರಟ್ಟಿನೊಳಗೆ ಇರಬೇಕಿತ್ತು. ವಿಸ್ಡನ್ ನಮ್ಮದಲ್ಲ ಎನ್ನುವವರು ಕರ್ನಾಟಕ ಕ್ರಿಕೆಟ್ಟಿಗೆ ಅಂಥ ವಾರ್ಷಿಕ ಬೇಕೆಂದು ಕೇಳಲಿ. ಮೊದಲ ಪ್ರತಿಗೆ ಇವತ್ತೇ ದುಡ್ಡು ಕಟ್ಟಲು ನಾನು ತಯಾರು.