ಒಂದೇ ಹಂಗಾಮಿನ ಎತ್ತು



ಈ ಸಲದ ಬರಹದಲ್ಲಿ ಕ್ರಿಕೆಟ್ಟಿನ ಹರಾಜು ಬಂದಿರುವುದನ್ನು ಕಂಡು ನೀವು ನಗಬಹುದು. ವ್ಯಾಕರಣ ಹೇಳುತ್ತಿದ್ದ ಮಾಸ್ತರರಿಗೆ ಇಳಿವಯಸ್ಸಿನಲ್ಲಿ ಇದೇನು ಹುಚ್ಚು ಎನ್ನಲೂಬಹುದು. ರಜೆಗೆಂದು ರೋಣಕ್ಕೆ ಬಂದಿದ್ದ ಮೊಮ್ಮಗ ನನ್ನೆದುರು ಒಂದು ಪ್ರಶ್ನೆಯಿಟ್ಟ. "ಅಜ್ಜ, ಒಬ್ಬ ಎತ್ತರದ ಆಟಗಾರ ಒಂದು ವರ್ಷ ಅದ್ಭುತವಾಗಿ ಆಡಿದ್ದಾನೆ. ಈಗ ಅವನು ಮಾರುಕಟ್ಟೆಗೆ ಬಂದಿದ್ದಾನೆ. ಎಷ್ಟಾದರೂ ಕೊಟ್ಟು ಅವನನ್ನು ತರಬೇಕೋ, ಬೇಡವೋ?" ತರಬೇಕು ಎಂಬುದು ಅವನ ವಾದ. ಕರೆಯಬಹುದು, ಆದರೆ ಆ ಬೆಲೆಗಲ್ಲ ಎಂಬುದು ನನ್ನ ವಾದ. ಊಟದ ಹೊತ್ತಿಗೆ ಆರಂಭವಾದ ಚರ್ಚೆ ಮಲಗುವ ತನಕ ನಡೆಯಿತು. ಅವನು ಬೆಂಗಳೂರಿಗೆ ಮರಳಿದ ಮೇಲೂ ನನ್ನ ತಲೆಯಿಂದ ಹೋಗಲಿಲ್ಲ. ಏಕೆಂದರೆ ಆ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಅದನ್ನು ಇಂದಿನವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಮೊದಲು ಎಲ್ಲರೂ ಬಲ್ಲ ಉದಾಹರಣೆಯನ್ನೇ ನೋಡೋಣ. ನ್ಯೂಜಿಲೆಂಡಿನ ಕೈಲ್ ಜೇಮಿಸನ್ 6 ಅಡಿ 8 ಅಂಗುಲದ ಆಳು. 2020ರ ಫೆಬ್ರವರಿಯಲ್ಲಿ ನಮ್ಮ ದೇಶದ ತಂಡದ ಎದುರೇ ಟೆಸ್ಟ್ ಆಟಕ್ಕೆ ಕಾಲಿಟ್ಟವನು, ಮುಂದಿನ ಒಂದು ವರ್ಷದೊಳಗೆ ಆರು ಟೆಸ್ಟ್‌ಗಳಲ್ಲಿ 36 ವಿಕೆಟ್ ಪಡೆದ. 2021ರ ಜನವರಿಯಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಪಂದ್ಯದಲ್ಲಿ 11 ವಿಕೆಟ್ ಕಿತ್ತ. ಅದೇ ವರ್ಷ ಫೆಬ್ರವರಿ 18ರಂದು ಚೆನ್ನೈಯಲ್ಲಿ ಐಪಿಎಲ್ ಹರಾಜು ನಡೆಯಿತು. ಅವನ ಮೂಲ ಬೆಲೆ 75 ಲಕ್ಷ ರೂಪಾಯಿ. ನಮ್ಮ ಬೆಂಗಳೂರಿನ ತಂಡ ಕೂಗಿತು, ಪಂಜಾಬ್ ತಂಡ ಬಿಡಲಿಲ್ಲ. ಏರುತ್ತ ಏರುತ್ತ ಬೆಲೆ 15 ಕೋಟಿಗೆ ನಿಂತಿತು. ಒಂದು ತಂಡ ಎಲ್ಲ ಆಟಗಾರರ ಮೇಲೆ ವೆಚ್ಚ ಮಾಡಬಹುದಾಗಿದ್ದ ಮಿತಿ ಆಗ 85 ಕೋಟಿ. ಅಂದರೆ ಮನೆಯ ವರ್ಷದ ಕಾಳಿನಲ್ಲಿ ಆರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಒಬ್ಬನಿಗೇ ಅಳೆದು ಕೊಟ್ಟಂತಾಯಿತು.

ಫಲವೇನು? ಆ ವರ್ಷ ಅವನು ಆಡಿದ್ದು ಒಂಬತ್ತು ಪಂದ್ಯ, ಪಡೆದದ್ದು ಒಂಬತ್ತು ವಿಕೆಟ್. ಹಂಗಾಮು ಮುಗಿದ ಮೇಲೆ ತಂಡ ಅವನನ್ನು ಉಳಿಸಿಕೊಳ್ಳಲಿಲ್ಲ. 2017ರಲ್ಲಿ ಇದೇ ತಂಡ ಇಂಗ್ಲೆಂಡಿನ ವೇಗಿ ಟೈಮಲ್ ಮಿಲ್ಸ್‌ಗೆ 12 ಕೋಟಿ ಕೊಟ್ಟು ಐದು ಪಂದ್ಯ ಆಡಿಸಿತ್ತು. ಸಿಕ್ಕದ್ದು ಐದು ವಿಕೆಟ್. ಆ ಪಾಠ ನಾಲ್ಕು ವರ್ಷದಲ್ಲಿ ಮರೆತುಹೋಗಿತ್ತು.

ಜೇಮಿಸನ್ ಕೆಟ್ಟ ಆಟಗಾರನೇ? ಖಂಡಿತ ಅಲ್ಲ. ಹರಾಜಾದ ನಾಲ್ಕೇ ತಿಂಗಳಿಗೆ, 2021ರ ಜೂನ್‌ನಲ್ಲಿ ಸೌತಾಂಪ್ಟನ್ನಿನಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಅಂತಿಮ ಪಂದ್ಯದಲ್ಲಿ ಅವನು ಭಾರತದ ಮೊದಲ ಸರದಿಯ ಐದು ವಿಕೆಟ್‌ಗಳನ್ನು 31 ರನ್ನಿಗೆ ಪಡೆದು ಪಂದ್ಯಪುರುಷನಾದ. ಅವನ ಶಕ್ತಿ ನಿಜವಾದದ್ದೇ. ಆದರೆ ಆ ಶಕ್ತಿ ಕಂಡದ್ದು ಕೆಂಪು ಚೆಂಡಿನಲ್ಲಿ, ಹಸಿರು ನೆಲದಲ್ಲಿ, ದಿನವಿಡೀ ತಾಳ್ಮೆಯಿಂದ ಎಸೆಯುವ ಆಟದಲ್ಲಿ. ಕೊಂಡದ್ದು ಮಾತ್ರ ನಾಲ್ಕು ಓವರಿನ ಕೆಲಸಕ್ಕೆ, ಬಿಳಿ ಚೆಂಡಿಗೆ, ಬಿಸಿಲಿನ ನೆಲಕ್ಕೆ. ಅಂತರರಾಷ್ಟ್ರೀಯ ಟಿ-20 ಪಂದ್ಯಗಳನ್ನು ಅವನು ಅಲ್ಲಿಯವರೆಗೆ ಆಡಿದ್ದು ಬೆರಳೆಣಿಕೆಯಷ್ಟು.

ನಮ್ಮ ಭಾಗದ ಒಕ್ಕಲುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಜೇಂದ್ರಗಡದ ಗುಡ್ಡದ ಮಗ್ಗುಲಿನ ಮಸಾರಿ ಹೊಲದಲ್ಲಿ ಹಗುರವಾಗಿ ನಡೆಯುವ ಎತ್ತನ್ನು ತಂದು ನರಗುಂದದ ಎರೆಭೂಮಿಯಲ್ಲಿ ಮಳೆ ಹೋದ ಮೇಲೆ ಕಟ್ಟಿ ನೋಡಿ. ಮೊಳಕಾಲಿನವರೆಗೆ ಹುಗಿಯುವ ಆ ಮಣ್ಣಿನಲ್ಲಿ ಅದರ ಅಂದಚಂದ ನಾಲ್ಕು ಸಾಲಿಗೆ ಮುಗಿಯುತ್ತದೆ. ಎತ್ತಿನಲ್ಲಿ ಐಬಿಲ್ಲ, ಕೊಂಡವನು ತನ್ನ ಹೊಲವನ್ನು ನೆನೆಯದೆ ಕೊಂಡ, ಅಷ್ಟೇ.

ನನ್ನ ತಂದೆಯವರು ಜಾತ್ರೆಯ ದನದ ಪೇಟೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹಲ್ಲು, ಗೊರಸು, ಹೆಗಲು, ಸುಳಿ ಎಲ್ಲವನ್ನೂ ನೋಡಿದ ಮೇಲೆ ಅವರು ಕೇಳುತ್ತಿದ್ದುದು ಒಂದೇ ಮಾತು: "ಎಷ್ಟು ಹಂಗಾಮ ಗಳೆ ಹೊಡದದ?" ನನಗೆ ಹೇಳುತ್ತಿದ್ದರು, "ತಮ್ಮಾ, ಪ್ಯಾಟ್ಯಾಗ ನಿಂತ ಎತ್ತು ಎಲ್ಲಾ ಚಂದನ ಕಾಣತಾವ. ಒಂದ ಹಂಗಾಮ ನಡದದ್ದಕ್ಕ ಎತ್ತಿನ ರೊಕ್ಕಾ ಕೊಡಬಾರದು, ಹೋರಿ ರೊಕ್ಕಾ ಕೊಡಬೇಕು." ಬೆಳೆಯುವ ಭರವಸೆಗೆ ಒಂದು ಬೆಲೆ, ದುಡಿದು ತೋರಿಸಿದ್ದಕ್ಕೆ ಇನ್ನೊಂದು ಬೆಲೆ ಎಂಬುದು ಅವರ ಲೆಕ್ಕ.

ಆ ಪೇಟೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಮಾತಾಡುತ್ತಿದ್ದರು. ಸುತ್ತ ನಿಂತವರಿಗೆ ದರ ತಿಳಿಯುತ್ತಿರಲಿಲ್ಲ. ಚಿಕ್ಕವನಿದ್ದಾಗ ಅದು ಕಳ್ಳತನದ ವ್ಯಾಪಾರದಂತೆ ಕಾಣುತ್ತಿತ್ತು. ಈಗ ಅದರ ವಿವೇಕ ತಿಳಿಯುತ್ತದೆ. ಟವೆಲ್ಲಿನ ಕೆಳಗೆ ಮನುಷ್ಯ ತನ್ನ ಹೊಲ, ತನ್ನ ಗಂಟು, ತನ್ನ ಅಗತ್ಯವನ್ನು ಮಾತ್ರ ನೆನೆಯುತ್ತಾನೆ. ಬಹಿರಂಗ ಹರಾಜಿನಲ್ಲಿ ಎದುರು ಮೇಜಿನವನ ಮುಖ ನೋಡುತ್ತಾನೆ. ಹತ್ತು ಜನ ಒಂದೇ ವಸ್ತುವಿಗೆ ಅಂದಾಜು ಕಟ್ಟಿದರೆ ಕೆಲವರು ಕಡಿಮೆ ಕಟ್ಟುತ್ತಾರೆ, ಕೆಲವರು ಹೆಚ್ಚು ಕಟ್ಟುತ್ತಾರೆ. ವಸ್ತು ದಕ್ಕುವುದು ಎಲ್ಲರಿಗಿಂತ ಹೆಚ್ಚು ಕಟ್ಟಿದವನಿಗೆ, ಅಂದರೆ ಬಹುಮಟ್ಟಿಗೆ ಎಲ್ಲರಿಗಿಂತ ಹೆಚ್ಚು ತಪ್ಪಿದವನಿಗೆ. ಅರ್ಥಶಾಸ್ತ್ರಜ್ಞರು ಇದನ್ನು ಗೆದ್ದವನ ಶಾಪ ಎನ್ನುತ್ತಾರೆ. ಹೊಸದಾಗಿ ಮಿಂಚಿದವನ ವಿಷಯದಲ್ಲಿ ಈ ಶಾಪ ಇನ್ನೂ ಬಲವಾದದ್ದು. ಹತ್ತು ವರ್ಷದ ಲೆಕ್ಕವಿದ್ದವನ ಬಗ್ಗೆ ಎಲ್ಲರ ಅಂದಾಜೂ ಹತ್ತಿರ ಹತ್ತಿರ ಇರುತ್ತದೆ. ಒಂದೇ ವರ್ಷದ ಲೆಕ್ಕವಿದ್ದವನ ಬಗ್ಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಕನಸಿನ ಬೆಲೆಯನ್ನೇ ಕೂಗುತ್ತಾರೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಎಂಬತ್ತರ ದಶಕದ ಮಾತು. ನಮ್ಮ ತಾಲ್ಲೂಕು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ನಾನಿದ್ದ ಪ್ರೌಢಶಾಲೆಯಲ್ಲಿ ಆಟದ ಮಾಸ್ತರರಿಲ್ಲದ್ದರಿಂದ ವಾಲಿಬಾಲ್ ತಂಡದ ಹೊಣೆ ನನ್ನ ಹೆಗಲಿಗೆ ಬಿದ್ದಿತ್ತು. ಒಂದು ಪಂದ್ಯದಲ್ಲಿ ಎದುರಾಳಿ ಹಳ್ಳಿಯ ಹುಡುಗನೊಬ್ಬ ನಮ್ಮವರನ್ನು ಏಕಾಂಗಿಯಾಗಿ ಸೋಲಿಸಿದ. ತೆಂಗಿನ ಗಿಡದಂತಹ ಎತ್ತರ. ಜಿಗಿಯುವ ಅಗತ್ಯವೇ ಇಲ್ಲದಂತೆ ನೆಟ್ಟಿನ ಮೇಲಿಂದ ಚೆಂಡನ್ನು ಬಡಿಯುತ್ತಿದ್ದ. ನಾನು ಅವನ ತಂದೆಯ ಬಳಿಗೆ ಎರಡು ಸಲ ಹೋದೆ. ಹುಡುಗ ಹತ್ತನೆಯ ಇಯತ್ತೆಯಲ್ಲಿದ್ದ. ಊಟ, ವಸತಿ, ಪುಸ್ತಕ ಎಲ್ಲವೂ ನಮ್ಮದು ಎಂದು ಮಾತು ಕೊಟ್ಟು ನಮ್ಮ ಶಾಲೆಗೆ ಸೇರಿಸಿದೆ. ಊರಿನ ಹಿರಿಯರಿಂದ ಪಟ್ಟಿ ಎತ್ತಿದ ಹಣವೆಲ್ಲ ಅವನ ಬೂಟು, ಬಟ್ಟೆ, ಊಟಕ್ಕೆ ಹೋಯಿತು. ಹರಿದ ಚೆಂಡನ್ನು ಹೊಲಿಸಿಕೊಂಡೇ ಉಳಿದವರು ಆಡಿದರು. ಮೂರು ವರ್ಷದಿಂದ ಒಂದು ದಿನವೂ ತಪ್ಪದೆ ಬಂದಿದ್ದ ನಮ್ಮದೇ ಹುಡುಗನೊಬ್ಬನನ್ನು ಹೊರಗೆ ಕೂರಿಸಿದೆ. ಅವನು ಗಿಡ್ಡ, ಆದರೆ ಬಂದ ಚೆಂಡನ್ನು ಬಿಟ್ಟವನಲ್ಲ. ಆ ವರ್ಷ ಅವನು ಕೊಡ ಹೊತ್ತು ನೀರು ಕೊಟ್ಟ.

ಧಾರವಾಡದಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಎದುರಾಳಿಗಳು ಹತ್ತು ನಿಮಿಷದಲ್ಲಿ ನಮ್ಮ ಗುಟ್ಟು ತಿಳಿದುಕೊಂಡರು. ಎತ್ತರದ ಹುಡುಗ ಬಡಿಯಬಲ್ಲ, ಬಗ್ಗಿ ಎತ್ತಲಾರ. ಪ್ರತಿಯೊಂದು ಸರ್ವ್ ಅವನ ಕಾಲ ಬಳಿಯೇ ಬಂತು. ಎರಡೂ ಸೆಟ್ ಸೋತೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಯಾರೋ ಅವನನ್ನು "ಪಟ್ಟಿ ಎತ್ತಿ ತಂದ ಎತ್ತು" ಎಂದರು. ಎಲ್ಲರೂ ನಕ್ಕರು. ನಾನು ಮುಂದಿನ ಸೀಟಿನಲ್ಲಿದ್ದೆ, ಕೇಳಿಸಿತ್ತು, ಸುಮ್ಮನಿದ್ದೆ. ಮಾಸ್ತರನಾಗಿ ನಾನು ಮಾಡಿದ ತಪ್ಪುಗಳಲ್ಲಿ ಆ ಮೌನವೇ ದೊಡ್ಡದು. ದೀಪಾವಳಿ ಸೂಟಿಗೆ ಊರಿಗೆ ಹೋದ ಹುಡುಗ ಮರಳಲಿಲ್ಲ. ಆ ಮಾರ್ಚಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಕೂರಲಿಲ್ಲ.

ಬಹಳ ವರ್ಷಗಳ ನಂತರ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಗುರುತು ಹಿಡಿದು ಮಾತಾಡಿಸಿದ. ಮರುವರ್ಷ ಹೊರಗಿನಿಂದ ಪರೀಕ್ಷೆ ಕಟ್ಟಿ ಪಾಸಾದನಂತೆ. ಹೊಲವಿದೆ, ಮಕ್ಕಳು ಓದುತ್ತಿದ್ದಾರೆ. ಚಹಾ ಕುಡಿಸಿದ. ನಾನು ಕ್ಷಮೆಯ ಮಾತು ಎತ್ತಿದಾಗ ನಗುತ್ತಲೇ ಹೇಳಿದ: "ಸರ, ಬಗ್ಗಿ ಎತ್ತೂದು ನನಗ ಯಾರೂ ಕಲಿಸಿದ್ದಿಲ್ಲ. ನೀವು ಕಲಿಸ್ತೀರಿ ಅಂತ ಬಂದಿದ್ದೆ." ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅವನು ಕಲಿಯಲು ಬಂದಿದ್ದ. ನಾನು ಅವನನ್ನು ಕಲಿತವನೆಂದು ಕೊಂಡುಕೊಂಡಿದ್ದೆ.

ಮೊಮ್ಮಗನ ವಾದವನ್ನೂ ನ್ಯಾಯವಾಗಿ ಹೇಳಬೇಕು. "ನೀವು ಹೇಳಿದಂತೆ ನಾಲ್ಕು ಹಂಗಾಮು ಕಾಯುತ್ತ ಕೂತರೆ ಒಳ್ಳೆಯ ಹುಡುಗರೆಲ್ಲ ಬೇರೆಯವರ ಪಾಲಾಗುತ್ತಾರೆ" ಎನ್ನುತ್ತಾನೆ. ಮಾತು ಸುಳ್ಳಲ್ಲ. ಆದರೆ ಹೊಸಬರನ್ನು ಹಿಡಿಯುವ ಕಾಲ ಅವರು ಮಿಂಚಿದ ಮರುದಿನವಲ್ಲ, ಹಿಂದಿನ ದಿನ. ಜಸ್ಪ್ರೀತ್ ಬುಮ್ರಾ 2013ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲಿ ಮೊದಲ ಐಪಿಎಲ್ ಪಂದ್ಯ ಆಡಿ ನಮ್ಮ ತಂಡದ ಮೂರು ವಿಕೆಟ್ ಪಡೆದಾಗ ಅವನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು? 2011ರ ಹರಾಜಿನಲ್ಲಿ ಕ್ರಿಸ್ ಗೇಲ್‌ನನ್ನು ಯಾರೂ ಕೊಳ್ಳಲಿಲ್ಲ. ಗಾಯಾಳುವಿನ ಬದಲಿಯಾಗಿ ಬಂದವನು 12 ಪಂದ್ಯಗಳಲ್ಲಿ 608 ರನ್ ಹೊಡೆದ. 2022ರಲ್ಲಿ ರಜತ್ ಪಾಟೀದಾರನೂ ಹಾಗೆಯೇ ಬದಲಿಯಾಗಿ 20 ಲಕ್ಷಕ್ಕೆ ಬಂದು, ಎಲಿಮಿನೇಟರ್ ಪಂದ್ಯದಲ್ಲಿ ಔಟಾಗದೆ 112 ರನ್ ಗಳಿಸಿದ. 2025ರಲ್ಲಿ ತಂಡ ಮೊದಲ ಬಾರಿಗೆ ಕಪ್ ಗೆದ್ದಾಗ ನಾಯಕನಾಗಿದ್ದವನು ಅವನೇ. ಅದೇ ವರ್ಷ ತಂಡಕ್ಕೆ 22 ವಿಕೆಟ್ ತಂದುಕೊಟ್ಟ ಜಾಶ್ ಹೇಜಲ್‌ವುಡ್ ಕೂಡ ಎತ್ತರದ ಆಳೇ, 12.50 ಕೋಟಿಯ ದುಬಾರಿ ಆಳೇ. ಆದರೆ ಅವನ ಹಿಂದೆ ಹತ್ತು ವರ್ಷದ ಗಳೆಯಿತ್ತು. ಈ ನೆಲದಲ್ಲಿ, ಈ ತಂಡದಲ್ಲಿಯೇ ದುಡಿದು ತೋರಿಸಿದ್ದ. ಅದು ಎತ್ತಿನ ಬೆಲೆ, ಅದು ಸರಿ.

ನಮ್ಮ ಗದುಗಿನ ಸುನಿಲ್ ಜೋಶಿಯವರ ನೆನಪೂ ಬರುತ್ತದೆ. ನಸುಕಿನಲ್ಲಿ ಎದ್ದು ಗದಗದಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ ಶಾಲೆಯ ಹೊತ್ತಿಗೆ ಮರಳುತ್ತಿದ್ದ ಹುಡುಗ 1996ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರಿನಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಪಡೆದರು. ಜನ ನೆನೆಯುವುದು ಆ ಒಂದು ದಿನವನ್ನು. ನಾನು ನೆನೆಯುವುದು ಆ ಬೆಳಗಿನ ಬಂಡಿಗಳನ್ನು.

ಕಥೆಯ ಕೊನೆ ಸ್ವಾರಸ್ಯವಾಗಿದೆ. 2025ರ ಜೂನ್ 3ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ತಂಡದ ಮೂರು ವಿಕೆಟ್ ಪಡೆದವರಲ್ಲಿ ಅದೇ ಜೇಮಿಸನ್ ಒಬ್ಬ. ಅವನು ಅಂದು ಪಂಜಾಬ್ ತಂಡದಲ್ಲಿದ್ದ. ಗಾಯಾಳುವೊಬ್ಬನ ಬದಲಿಯಾಗಿ ಬಂದಿದ್ದ. 15 ಕೋಟಿಯ ಮೂಟೆ ಹೆಗಲಿನಿಂದ ಇಳಿದ ಮೇಲೆ ಅವನು ಮತ್ತೆ ಒಬ್ಬ ಒಳ್ಳೆಯ ಬೌಲರ್ ಆಗಿದ್ದ. ನಮ್ಮವರು ಆರು ರನ್ನಿನಿಂದ ಗೆದ್ದರು, ಸಂತೋಷ. ಆದರೂ ಆ ಎತ್ತರದ ಹುಡುಗ ಚೆನ್ನಾಗಿ ಎಸೆದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು. ಏಕೆಂದು ನೀವು ಬಲ್ಲಿರಿ.

ನನ್ನ ಶಿಷ್ಯರಲ್ಲಿ ಕೆಲವರು ಇಂದು ಮುಖ್ಯಾಧ್ಯಾಪಕರಾಗಿದ್ದೀರಿ, ಕೆಲವರು ಕಂಪನಿಗಳಲ್ಲಿ ಆಳುಗಳನ್ನು ಆರಿಸುವ ಸ್ಥಾನದಲ್ಲಿದ್ದೀರಿ. ಒಬ್ಬನ ಒಂದು ಹಂಗಾಮು ಕಂಡು ಮನಸ್ಸು ಹಾರಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಅವನು ದುಡಿದದ್ದು ನಮ್ಮಂತಹ ಹೊಲದಲ್ಲಿಯೇ? ಅವನಿಗಾಗಿ ಯಾರನ್ನು ಹೊರಗೆ ಕೂರಿಸುತ್ತಿದ್ದೇವೆ? ಅವನಿಗೆ ಬಾರದ್ದನ್ನು ಕಲಿಸುವ ತಾಳ್ಮೆ ನಮಗಿದೆಯೇ? ಮೂರಕ್ಕೂ ಉತ್ತರ ಸಿಕ್ಕರೆ ಕರೆತನ್ನಿರಿ, ಹೋರಿಯ ಬೆಲೆ ಕೊಟ್ಟು ಕರೆತನ್ನಿರಿ. ಸಿಗದಿದ್ದರೆ ಆ ಹುಡುಗನನ್ನು ಅವನ ಊರಿನಲ್ಲಿಯೇ ಇನ್ನೊಂದು ಹಂಗಾಮು ಬೆಳೆಯಲು ಬಿಡಿರಿ.

ಅಂದು ನೀರು ಹೊತ್ತ ಹುಡುಗ ಈ ಪುಟವನ್ನು ತಪ್ಪದೆ ಓದುತ್ತಾನೆಂದು ನನಗೆ ಗೊತ್ತಿದೆ. ತಮ್ಮಾ, ಆ ವರ್ಷದ ಜಾಗ ನಿನ್ನದಾಗಿತ್ತು. ಇಷ್ಟು ತಡವಾಗಿಯಾದರೂ ಹೇಳಿದ್ದೇನೆ.