ಗಾಯ ಮಾಯ್ದ ಮೇಲೆ ಕುದುರೆ ಏರುವುದು ಯಾವಾಗ?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಭಗಂದರಕ್ಕೆ, ಅಂದರೆ ಜನರು ಫಿಸ್ತುಲಾ ಎಂದು ಕರೆಯುವ ರೋಗಕ್ಕೆ, ನಮ್ಮಲ್ಲಿ ಕ್ಷಾರಸೂತ್ರ ಚಿಕಿತ್ಸೆ ಪಡೆದಿದ್ದ ಯುವಕನೊಬ್ಬ ತನ್ನ ತಂದೆಯೊಡನೆ ಬಂದು ಎದುರು ಕುಳಿತಿದ್ದನು. ಒಂಬತ್ತು ವಾರಗಳಲ್ಲಿ ದಾರ ಕಳಚಿ ಬಿದ್ದು ಗಾಯ ಕೂಡಿಕೊಂಡಿತ್ತು. ಅವರ ಮನೆಯಲ್ಲಿ ಒಂದು ಕುದುರೆಯಿತ್ತು. ಊರ ಜಾತ್ರೆಯ ಮೆರವಣಿಗೆಯಲ್ಲಿ ಅದನ್ನೇರಿ ಮುಂದೆ ಸಾಗುವುದು ಆ ಮನೆತನಕ್ಕೆ ತಲೆಮಾರುಗಳಿಂದ ಬಂದ ಸೇವೆ. ಜಾತ್ರೆಗೆ ಉಳಿದಿದ್ದುದು ಮೂರೇ ವಾರ. "ಗಾಯ ಮಾಯ್ದೈತಲ್ರೀ ಡಾಕ್ಟರೇ, ಒಂದ ತಾಸಿನ ಮೆರವಣಿಗಿ ಅಷ್ಟ" ಎಂದರು ತಂದೆ. ನಾವು ಗಾಯದ ಕಲೆಯನ್ನೊಮ್ಮೆ ನೋಡಿ, ಹೆಚ್ಚೇನನ್ನೂ ಕೇಳದೆ, ಆಗಲಿ ಎಂದು ತಲೆಯಾಡಿಸಿದೆವು.

ನಾಲ್ಕು ತಿಂಗಳ ಬಳಿಕ ಆತ ಮತ್ತೆ ಬಂದನು. ಹಳೆಯ ಕಲೆಯ ಪಕ್ಕದಲ್ಲಿಯೇ ಕೀವು ಕಟ್ಟಿತ್ತು. ಕುದುರೆ ಏರಿದ್ದರಿಂದಲೇ ರೋಗ ಮರುಕಳಿಸಿತೆಂದು ಖಚಿತವಾಗಿ ಹೇಳಲಾಗದು. ಒಳಗೆ ನಾಳದ ಸಣ್ಣ ಕವಲೊಂದು ಉಳಿದುಕೊಂಡರೂ ಹೀಗಾಗುತ್ತದೆ. ಆದರೆ ಯಾವ ಪರೀಕ್ಷೆಯನ್ನೂ ಮಾಡದೆ ಒಪ್ಪಿಗೆ ಕೊಟ್ಟವರು ನಾವು. ಆ ಅಳುಕಿನಲ್ಲಿ ಎರಡನೆಯ ತಪ್ಪನ್ನೂ ಮಾಡಿದೆವು. "ಇನ್ನು ಕುದುರೆಯ ಗೊಡವೆಯೇ ಬೇಡ" ಎಂದುಬಿಟ್ಟೆವು. ಎರಡನೆಯ ಬಾರಿ ಗಾಯ ಪೂರ್ಣವಾಗಿ ಮಾಯ್ದಿತು. ಆದರೆ ಅಷ್ಟರಲ್ಲಿ ಆ ಮನೆಯವರು ಕುದುರೆಯನ್ನು ಮಾರಿಬಿಟ್ಟಿದ್ದರು. ಆತ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದುದೇ ನಮಗೆ ಇಂದಿಗೂ ನೋವು.

ಇಂದು ಕುದುರೆ ಏರುವವರು ಎಷ್ಟು ಮಂದಿ ಎಂದು ಓದುಗರು ಕೇಳಬಹುದು. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸರಿದ್ದಾರೆ. ಬೆಂಗಳೂರು, ಮೈಸೂರುಗಳ ರೇಸ್ ಕೋರ್ಸುಗಳಲ್ಲಿ ಸವಾರಿಯಿಂದಲೇ ಜೀವನ ನಡೆಸುವವರಿದ್ದಾರೆ. ಉತ್ತರದ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತ್ರೆಗಾಗಿ, ಶರ್ಯತ್ತಿಗಾಗಿ ಕುದುರೆ ಸಾಕಿದ ಮನೆಗಳಿವೆ. ಉಳಿದ ನಮ್ಮೆಲ್ಲರಿಗೂ ಕುದುರೆಯ ಸ್ಥಾನದಲ್ಲಿ ದ್ವಿಚಕ್ರ ವಾಹನ ಬಂದು ನಿಂತಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ಅದರ ಮೇಲೆ ಹತ್ತು ಮೈಲಿ ಸಾಗುವವನ ಸೊಂಟಕ್ಕೆ ಆಗುವ ಕುಲುಕಾಟ ಕುದುರೆಯ ಕುಲುಕಾಟಕ್ಕಿಂತ ಬಹಳ ಬೇರೆಯಲ್ಲ. ಆದುದರಿಂದ ಈ ವಿಚಾರ ಎಲ್ಲರಿಗೂ ಸಲ್ಲುವಂಥದು.

ನಮ್ಮ ಆಚಾರ್ಯರು ಇದನ್ನು ಕಡೆಗಣಿಸಿದವರಲ್ಲ. ಭಗಂದರ ಹುಟ್ಟುವ ಕಾರಣಗಳನ್ನು ಎಣಿಸುವಾಗ ಚರಕ ಸಂಹಿತೆಯು ಕುಕ್ಕರಗಾಲಿನಲ್ಲಿ ಕೂರುವುದನ್ನೂ ಕುದುರೆಯ ಬೆನ್ನನ್ನೂ ಹೆಸರಿಸುತ್ತದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ಭಗಂದರದ ಗಾಯ ಮಾಯ್ದ ಮೇಲೂ ಒಂದು ವರ್ಷ ಕಾಲ ವ್ಯಾಯಾಮ, ಕೋಪ, ಪ್ರಾಣಿಗಳ ಬೆನ್ನೇರಿ ಸಾಗುವುದು, ಜೀರ್ಣಕ್ಕೆ ಭಾರವಾದ ಆಹಾರ ಮೊದಲಾದವನ್ನು ಬಿಡಬೇಕೆನ್ನುತ್ತದೆ. ಶಸ್ತ್ರದಿಂದ ಮೂತ್ರಾಶಯದ ಕಲ್ಲು ತೆಗೆಸಿಕೊಂಡವನೂ ಒಂದು ವರ್ಷ ಕುದುರೆ, ಆನೆ, ರಥ, ಬೆಟ್ಟ, ಮರಗಳನ್ನು ಏರಬಾರದು, ನೀರಿನಲ್ಲಿ ಈಜಬಾರದು.

ಸೂತ್ರಸ್ಥಾನದ ಇನ್ನೊಂದು ಮಾತು ನಮಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಚೆನ್ನಾಗಿ ಮಾಯ್ದ ಗಾಯವೆಂದರೆ ಅಂಚು ಕೂಡಿರಬೇಕು. ಗಂಟು, ಊತ, ನೋವು ಇರಬಾರದು. ಸುತ್ತಲಿನ ಚರ್ಮದ ಬಣ್ಣ ಬಂದು ಸಮತಲವಾಗಿರಬೇಕು. ಇಷ್ಟೆಲ್ಲ ಲಕ್ಷಣಗಳನ್ನು ಹೇಳಿದ ಸುಶ್ರುತರು, ಮಾಯ್ದ ಗಾಯವೂ ಮತ್ತೆ ಬಿರಿಯಬಹುದೆಂದು ಎಚ್ಚರಿಸುತ್ತಾರೆ. ಅದಕ್ಕೆ ಕೊಡುವ ಕಾರಣಗಳಲ್ಲಿ ಶ್ರಮ, ಪೆಟ್ಟು, ಅಜೀರ್ಣಗಳ ಜೊತೆಗೆ ಕೋಪ, ಭಯ ಹಾಗೂ ಹರ್ಷವೂ ಸೇರಿವೆ. ಹರ್ಷದಿಂದ ಗಾಯ ಬಿರಿಯುವುದೆಂತು ಎಂದು ವಿದ್ಯಾರ್ಥಿ ದೆಸೆಯಲ್ಲಿ ನಾವು ನಕ್ಕಿದ್ದುಂಟು. ಜಾತ್ರೆಯ ಡೊಳ್ಳಿನ ಸದ್ದಿಗೆ ಮೈಮರೆತ ಇಪ್ಪತ್ತೆರಡರ ಹುಡುಗ ಒಂದು ತಾಸಿನ ಸವಾರಿಯನ್ನು ನಾಲ್ಕು ತಾಸು ಮಾಡಿದನೆಂದು ತಿಳಿದಾಗ ಆ ಮಾತಿನ ಅರ್ಥ ಹೊಳೆಯಿತು.

ಆಧುನಿಕ ವೈದ್ಯಶಾಸ್ತ್ರವೂ ಇಲ್ಲಿ ಭಿನ್ನವಾಗಿ ನುಡಿಯುವುದಿಲ್ಲ. ಚರ್ಮ ಕೂಡಿಕೊಂಡಿತೆಂದರೆ ಬಲ ಬಂದಿತೆಂದಲ್ಲ. ಗಾಯ ಕೂಡಿದ ಮೂರನೆಯ ವಾರದಲ್ಲಿ ಆ ಜಾಗದ ಬಲ ಮೊದಲಿನ ಬಲದ ಸುಮಾರು ಐದನೆಯ ಒಂದು ಭಾಗ ಮಾತ್ರ. ಮೂರು ತಿಂಗಳಿಗೆ ಸುಮಾರು ಶೇಕಡಾ 80 ಆಗುತ್ತದೆ. ಪೂರ್ಣ ಬಲ ಎಂದಿಗೂ ಮರಳುವುದಿಲ್ಲ. ಬೇಗ ಮಾಯುವುದು ಬೇರೆ, ಗಟ್ಟಿಯಾಗಿ ಮಾಯುವುದು ಬೇರೆ ಎಂಬುದಕ್ಕೆ ಭಗಂದರವೇ ಒಳ್ಳೆಯ ನಿದರ್ಶನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕ್ಷಾರಸೂತ್ರವನ್ನೂ ಶಸ್ತ್ರಕ್ರಿಯೆಯನ್ನೂ ಹಲವು ಕೇಂದ್ರಗಳಲ್ಲಿ ಹೋಲಿಸಿ ನೋಡಿ 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಶಸ್ತ್ರಕ್ರಿಯೆಯ ಗಾಯ ಸುಮಾರು 4 ವಾರಗಳಲ್ಲಿ ಮಾಯ್ದರೆ ಕ್ಷಾರಸೂತ್ರದ್ದು 8 ವಾರ ತೆಗೆದುಕೊಂಡಿತ್ತು. ಆದರೆ ವರ್ಷದೊಳಗೆ ರೋಗ ಮರುಕಳಿಸಿದ್ದು ಶಸ್ತ್ರಕ್ರಿಯೆಯವರಲ್ಲಿ ಶೇಕಡಾ 11, ಕ್ಷಾರಸೂತ್ರದವರಲ್ಲಿ ಶೇಕಡಾ 4.

ಹಾಗಾದರೆ ಎಲ್ಲರೂ ಒಂದು ವರ್ಷ ಕಾಯಬೇಕೇ? ಹಾಗೆಂದು ನಾವು ಹೇಳುವುದಿಲ್ಲ. ಸುಶ್ರುತರ ಕಾಲದಲ್ಲಿ ಇಂದಿನ ಅರಿವಳಿಕೆ, ಸೋಂಕು ನಿವಾರಕ ಔಷಧಿಗಳು ಇರಲಿಲ್ಲ. ಹೊಟ್ಟೆಗೆ ಸಣ್ಣ ರಂಧ್ರಗಳನ್ನಷ್ಟೇ ಮಾಡಿ ಹರ್ನಿಯಾ ಸರಿಪಡಿಸುವ ಇಂದಿನ ಶಸ್ತ್ರವೈದ್ಯರು ಕೆಲವೇ ವಾರಗಳಲ್ಲಿ ದಿನನಿತ್ಯದ ಕೆಲಸಗಳಿಗೆ ಒಪ್ಪಿಗೆ ಕೊಡುತ್ತಾರೆ, ಅದು ತಪ್ಪಲ್ಲ. ನಾವು ಗಮನಿಸಬೇಕಾದುದು ಬೇರೆಯದನ್ನು. ಸುಶ್ರುತರು ವರ್ಷವೆಂಬ ಗಡಿಯನ್ನು ಹಾಕಿದರು. ಗಡಿ ಹಾಕಿದರೆಂದರೆ ಅದರಾಚೆ ರೋಗಿಯು ಮತ್ತೆ ಕುದುರೆ ಏರುತ್ತಾನೆಂದು ನಂಬಿದ್ದರೆಂದೇ ನಮ್ಮ ಭಾವನೆ. ಪಥ್ಯವೆಂದರೆ ಮರಳಿ ಹೋಗುವ ದಾರಿ, ಬಾಳಿನುದ್ದದ ನಿಷೇಧವಲ್ಲ. ಅವಸರದ ಒಪ್ಪಿಗೆಯೂ ಅಂಜಿಕೆಯ ನಿರಾಕರಣೆಯೂ ವೈದ್ಯನ ಹೊಣೆಗೇಡಿತನವೇ ಎಂಬುದನ್ನು ನಾವು ತಡವಾಗಿ ಕಲಿತೆವು.

ಸವಾರನು ಕೇವಲ ಕುಳಿತಿರುತ್ತಾನೆಂದು ತಿಳಿಯಬಾರದು. ಎಡಗಾಲನ್ನು ರಿಕಾಪಿನಲ್ಲಿಟ್ಟು ಬಲಗಾಲನ್ನು ಎತ್ತಿ ಹಾಕುವಾಗ ತೊಡೆಸಂದಿಯ ಸ್ನಾಯುಗಳು ಪೂರ್ತಿ ಎಳೆಯಲ್ಪಡುತ್ತವೆ. ಕುದುರೆ ಕುಕ್ಕುಲೋಟಕ್ಕೆ ಇಳಿದೊಡನೆ ಪ್ರತಿ ಹೆಜ್ಜೆಗೂ ಸೊಂಟದ ಕೆಳಭಾಗ ಜೀನಿಗೆ ಬಡಿಯುತ್ತದೆ. ತೊಡೆ, ಹೊಟ್ಟೆ, ಬೆನ್ನುಗಳು ಬಿಗಿಹಿಡಿದು ಆ ಬಡಿತವನ್ನು ತಡೆಯಬೇಕಾಗುತ್ತದೆ. ಕುದುರೆ ಬೆದರಿದರೆ ಎಂಥ ನುರಿತ ಸವಾರನೂ ಬೀಳಬಹುದು.

ಆದುದರಿಂದ ನಾವು ಈಗ ಹೇಳುವ ಕ್ರಮ ಇದು. ಶಸ್ತ್ರಕ್ರಿಯೆ ಮಾಡಿದ ವೈದ್ಯರನ್ನು ಕಂಡು, ಕುದುರೆ ಏರುವವನೆಂದು ಬಾಯಿಬಿಟ್ಟು ಹೇಳಿ ಒಪ್ಪಿಗೆ ಪಡೆಯಬೇಕು. ಬಳಿಕ ನೆಲದ ಮೇಲೆಯೇ ಪರೀಕ್ಷೆ. ಮಲವಿಸರ್ಜನೆ ತಿಣುಕದೆ ಆಗುತ್ತಿದೆಯೇ? ಕೆಮ್ಮಿದರೆ, ಸೀನಿದರೆ ಗಾಯದ ಜಾಗ ಎಳೆಯುವುದೇ? ಮರದ ಮಣೆಯ ಮೇಲೆ ಅರ್ಧ ತಾಸು ನೋವಿಲ್ಲದೆ ಕೂರಬಹುದೇ? ಕೈಯಾಸರೆ ಇಲ್ಲದೆ ಮೆಟ್ಟಿಲು ಹತ್ತಿ ಇಳಿಯಬಹುದೇ? ಇವೆಲ್ಲ ಸಾಧ್ಯವಾದ ಮೇಲೆ ಕೆಲದಿನ ಕುದುರೆಯ ಮೈ ಉಜ್ಜುವುದು, ಹಗ್ಗ ಹಿಡಿದು ಅದರೊಡನೆ ನಡೆಯುವುದು. ಅನಂತರ ಸಾಧು ಸ್ವಭಾವದ ಕುದುರೆಯನ್ನು ಆರಿಸಿ, ನೆಲದಿಂದ ಹಾರಿ ಏರದೆ ಎತ್ತರದ ಕಟ್ಟೆಯ ಮೇಲೆ ನಿಂತು ಏರಬೇಕು. ಮೊದಲ ದಿನ ಹತ್ತು ಹದಿನೈದು ನಿಮಿಷ ಬರಿಯ ನಡಿಗೆ. ಒಬ್ಬರು ಲಗಾಮಿನ ಬಳಿ ಇರಬೇಕು. ತಲೆಗೆ ಹೆಲ್ಮೆಟ್ ತಪ್ಪಬಾರದು. ಮರುದಿನ ನೋವು, ಊತ, ರಕ್ತ, ಕೀವು ಏನೂ ಇಲ್ಲದಿದ್ದರೆ ಮಾತ್ರ ಮುಂದಿನ ಸವಾರಿ. ಹಲವು ವಾರ ನಡಿಗೆ ಒಗ್ಗಿದ ಮೇಲೆ ಕುಕ್ಕುಲೋಟ. ನಾಗಾಲೋಟ ಎಲ್ಲಕ್ಕಿಂತ ಕೊನೆಗೆ. ದ್ವಿಚಕ್ರ ವಾಹನದವರೂ ಹೀಗೆಯೇ ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರದಿಂದ ಆರಂಭಿಸಬೇಕು.

ಗುದರೋಗದ ಶಸ್ತ್ರಕ್ರಿಯೆಯಾದವರು ಮಲಬದ್ಧತೆಗೆ ಎಡೆಗೊಡಬಾರದು. ಸೊಪ್ಪು, ತರಕಾರಿ, ಹೆಸರುಬೇಳೆ, ಮಜ್ಜಿಗೆ, ಮಿತವಾದ ತುಪ್ಪ ಹಿತಕರ. ಒಣ ಖಾರದ ಚಟ್ನಿಯನ್ನು ಕೆಲಕಾಲ ದೂರವಿಡಬೇಕು. ವೈದ್ಯರ ಅನುಮತಿಯಿದ್ದರೆ ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಹತ್ತು ನಿಮಿಷ ಕೂರುವುದು ಸುಖ ಕೊಡುತ್ತದೆ.

ಸೊಂಟದ ಕೀಲು ಬದಲಾಯಿಸಿಕೊಂಡವರು, ಬೆನ್ನುಮೂಳೆಗೆ ಶಸ್ತ್ರಕ್ರಿಯೆಯಾದವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮೇಲಿನ ಕ್ರಮವನ್ನು ತಾವಾಗಿಯೇ ಅನುಸರಿಸಬಾರದು. ಅವರಿಗೆ ಸವಾರಿಗಿಂತ ಬೀಳುವುದೇ ದೊಡ್ಡ ಅಪಾಯ. ಕೀಲು ಜಾರಬಹುದು, ಒಳಗೆ ರಕ್ತ ಸ್ರವಿಸಬಹುದು. ಅವರ ವಿಷಯದಲ್ಲಿ ಶಸ್ತ್ರವೈದ್ಯರ ಮಾತೇ ಕೊನೆಯದು. ನೋವಿನ ಮಾತ್ರೆ ನುಂಗಿ ಸವಾರಿಗೆ ಹೊರಡುವುದು ಯಾರಿಗೂ ಸಲ್ಲದು. ನೋವು ನಮಗೆ ಎಚ್ಚರಿಕೆ ಹೇಳುವ ಕಾವಲುಗಾರ.

ಮನೆಯ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಜಾತ್ರೆಯ ದಿನಾಂಕವನ್ನು ಗಾಯದ ಮೇಲೆ ಹೇರಬೇಡಿರಿ. ಈ ವರ್ಷ ತಮ್ಮನೋ ಅಣ್ಣನ ಮಗನೋ ಕುದುರೆ ಏರಲಿ, ಸೇವೆ ನಿಲ್ಲುವುದಿಲ್ಲ. ಹಾಗೆಯೇ, ಒಮ್ಮೆ ರೋಗ ಮರುಕಳಿಸಿತೆಂದು ಕುದುರೆಯನ್ನು ಸಂತೆಗೆ ಹೊಡೆಯಬೇಡಿರಿ. ವೈದ್ಯರು "ಬೇಡ" ಎಂದರೆ "ಎಲ್ಲಿಯವರೆಗೆ?" ಎಂದು ಕೇಳಿರಿ, "ಆಗಲಿ" ಎಂದರೆ "ಎಷ್ಟು ಹೊತ್ತು, ಯಾವ ನಡೆಯಲ್ಲಿ?" ಎಂದು ಕೇಳಿರಿ. ಅಂದು ಆ ತಂದೆ ಹೀಗೆ ಕೇಳಿದ್ದರೆ ನಾವು ಯೋಚಿಸಿ ಉತ್ತರ ಕೊಡಲೇಬೇಕಾಗುತ್ತಿತ್ತು. ಅವರು ಕೇಳದಿದ್ದರೂ ಹೇಳಬೇಕಾದುದು ನಮ್ಮ ಧರ್ಮವಾಗಿತ್ತು.